ಬೋರ್ಡ್ ಓದದ ಅಂಕಲ್

ನ್ಯೂಜೆರ್ಸಿಯ ವುಡ್‌ಬ್ರಿಡ್ಜ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಧಾರವಾಡದ ಅಂಕಲ್ ಯಾವ ಊರಿಗೆ ಹೋದರೂ ಹೋಟೆಲಿನ ಬಾಗಿಲಲ್ಲೇ ನಿಂತು ಮೊದಲು ಒಳಗಿನ ವಾಸನೆ ಹಿಡಿಯುತ್ತಿದ್ದರು. "ಬೋರ್ಡ್ ಓದಬ್ಯಾಡ್ರಿ, ಅಡಗಿಮನಿ ನೋಡ್ರಿ" ಎನ್ನುವುದು ಅವರ ಮಾತು.

ಎರಡೂ ಮನೆಯವರು ಒಟ್ಟಿಗೆ ಇಟಲಿಯ ನೇಪಲ್ಸ್‌ಗೆ ಹೋದಾಗ, ರಿವ್ಯೂ ಹುಡುಕುತ್ತಿದ್ದ ನನ್ನ ಫೋನನ್ನು ಕಿಸೆಗೆ ಹಾಕಿಸಿದರು. ಫೋಟೋ ಇದ್ದ ಮೆನು ಕಂಡಲ್ಲೆಲ್ಲ ತಲೆಯಾಡಿಸಿ ಮುಂದೆ ನಡೆದರು. ಕೊನೆಗೆ ಒಂದು ಗಲ್ಲಿಯಲ್ಲಿ ಊರಿನವರೇ ತುಂಬಿದ್ದ, ನಾಲ್ಕೇ ಮೇಜಿನ ಹೋಟೆಲು ಸಿಕ್ಕಿತು. ಗೋಡೆಯ ಕಪ್ಪು ಹಲಗೆಯಲ್ಲಿ ಅಂದಿನ ಅಡುಗೆ ಬರೆದಿತ್ತು: ಪೆಪೆರೋನಿ.

ಅಂಕಲ್ ಎರಡೂ ಕೈ ಎತ್ತಿಬಿಟ್ಟರು. ನ್ಯೂಜೆರ್ಸಿಯಲ್ಲಿ ಪೆಪ್ಪರೋನಿ ಎಂದರೆ ಪಿಜ್ಜಾದ ಮೇಲಿನ ಮಾಂಸದ ಬಿಲ್ಲೆ. "ವೆಜಿಟೇರಿಯನ್ ಅದೀವಿ, ಅಮ್ಮಾ!" ಅಡುಗೆಯ ಅಜ್ಜಿ ಒಳಗೆ ಹೋಗಿ, ಕೆಂಪು ದೊಣ್ಣೆಮೆಣಸಿನಕಾಯಿಯೊಂದನ್ನು ತಂದು ಅವರ ಅಂಗೈಯಲ್ಲಿಟ್ಟು, "ಪೆಪೆರೋನಿ" ಎಂದಳು.

ಅಂಕಲ್ ಅದನ್ನು ತಿರುಗಿಸಿ ನೋಡಿದರು. "ಅಡಗಿಮನಿ ನೋಡಲಾರದ ಬೋರ್ಡ್ ಓದಿಬಿಟ್ನಲ್ರೀ!" ಎಂದು ನಕ್ಕು ಮೂರು ತಟ್ಟೆ ತಿಂದರು.

ಮುಂದಿನ ಯುಗಾದಿಗೆ, ಮನೆಗೊಂದು ಅಡುಗೆ ತಂದು ಹಂಚಿಕೊಳ್ಳುವ ಪಾಟ್‌ಲಕ್‌ಗೆ ಪಾತ್ರೆ ಹಿಡಿದು ಬಂದವರೇ "ಪೆಪ್ಪರೋನಿ ತಂದೀನ್ರಿ!" ಎಂದು ಕೂಗಿದರು. ಸಾಲಿನಲ್ಲಿದ್ದವರು ತಟ್ಟೆ ಹಿಂದಕ್ಕೆಳೆದುಕೊಂಡರು. ಒಳಗಿದ್ದದ್ದು ಶೇಂಗಾ ಪುಡಿ ಹಾಕಿದ ದೊಣ್ಣೆಮೆಣಸಿನಕಾಯಿ ಪಲ್ಯ.

ಅಂಕಲ್ ಗಂಭೀರವಾಗಿ ಹೇಳಿದರು: "ಬೋರ್ಡ್ ಓದಬ್ಯಾಡ್ರಿ. ಮುಚ್ಚಳ ತೆಗೀರಿ."