ತಗಡಿನ ಅಂಗಡಿಯವರ ದನದ ಮನೆ

ನಮ್ಮ ಮಾವನವರ ಅಂಗೈಯನ್ನು ಯಾವ ಜ್ಯೋತಿಷಿಗೂ ಓದಲಿಕ್ಕೆ ಆಗುತ್ತಿರಲಿಲ್ಲ. ದೇವರು ಬರೆದ ಗೆರೆ ಯಾವುದು, ತಗಡು ಕೊಯ್ದ ಗೆರೆ ಯಾವುದು ಎಂದು ಗೊತ್ತಾಗದ ಹಾಗೆ ಎರಡೂ ಕೈತುಂಬ ಗೀರುಗಳಿದ್ದವು. ಗೀರಿನೊಳಗೆ ಕಬ್ಬಿಣದ ಕಪ್ಪು ಕೂತುಬಿಟ್ಟಿತ್ತು. ಮದುವೆಯ ದಿನ ಕಾಲಿಗೆ ಬಿದ್ದಾಗ ಅವರು ತಲೆಯ ಮೇಲಿಟ್ಟ ಕೈ ನನ್ನ ಕೂದಲಿಗೆ ಸಿಕ್ಕಿಕೊಂಡಿತು. "ತಡಿಯವಾ, ಹಂಗ ಏಳಬ್ಯಾಡ" ಎಂದು ಅವರೇ ಎಳೆ ಎಳೆಯಾಗಿ ಬಿಡಿಸಿದರು. ಆಶೀರ್ವಾದ ಮಾಡುವುದು ಆ ಗಡಿಬಿಡಿಯಲ್ಲಿ ಮರೆತೇ ಹೋಯಿತು.

ರಾಣೆಬೆನ್ನೂರಿನಲ್ಲಿ ನಮ್ಮದು ತಗಡು ಮತ್ತು ಕಬ್ಬಿಣದ ಪೈಪು ಮಾರುವ ಅಂಗಡಿ. ಮಾವ ಕಟ್ಟಿ ಬೆಳೆಸಿದ್ದು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು, ನಮ್ಮ ಮನೆಯವರು ಒಬ್ಬರೇ ಮಗ. ಹಾಗಾಗಿ ಬೇಗನೆ ನಾನೂ ಗಲ್ಲೆಯ ಹಿಂದೆ ಕೂತೆ. ಮಾವನಿಗೆ ಕುರ್ಚಿ ಆಗಿಬರುತ್ತಿರಲಿಲ್ಲ. ಪೈಪಿನ ರಾಶಿಯ ಮೇಲೆ ಗೋಣಿಚೀಲ ಹಾಸಿ ಕೂರುತ್ತಿದ್ದರು. ಗಿರಾಕಿ ಬಂದರೆ ಬೇರೆ ಅಂಗಡಿಯವರು "ಎಷ್ಟು ಬೇಕರಿ?" ಎನ್ನುತ್ತಾರೆ; ಇವರು "ಯಾತಕ್ಕ ಬೇಕರಿ?" ಎಂದು ಶುರು ಮಾಡುತ್ತಿದ್ದರು. ಗಿರಾಕಿ ತಗಡು ಕೊಳ್ಳಲಿಕ್ಕೆ ಬಂದಿದ್ದಾನೋ ಹೆಣ್ಣು ನೋಡಲಿಕ್ಕೆ ಬಂದಿದ್ದಾನೋ ಎನ್ನುವ ಹಾಗೆ ವಿಚಾರಣೆ ನಡೆಯುತ್ತಿತ್ತು. ಬ್ಯಾಡಗಿಯ ಕಡೆ ಹೋಗುವ ದಾರಿಯಲ್ಲಿ ಮೆಣಸಿನಕಾಯಿ ಗೋದಾಮು, ಗ್ಯಾರೇಜು, ದನದ ಶೆಡ್ಡು ಏನು ಕಂಡರೂ "ಇದು ನಮ್ಮ ಮಾಲು" ಎಂದು ಬಸ್ಸಿನ ಕಿಟಕಿಯಿಂದ ತೋರಿಸುತ್ತಿದ್ದರು.

ಒಂದು ಬೇಸಿಗೆಯಲ್ಲಿ ಅಂಥದೇ ಒಂದು ದನದ ಶೆಡ್ಡಿನ ತಗಡು ಗಾಳಿಗೆ ಎದ್ದಿತೆಂದು ಬ್ಯಾಡಗಿ ಕಡೆಯ ರೈತರೊಬ್ಬರು ಫೋನು ಮಾಡಿದರು. ನೋಡಿ ಬರುತ್ತೇನೆಂದು ಮಟಮಟ ಮಧ್ಯಾಹ್ನ ಹೋದ ಮಾವ ಸಂಜೆ ಬಂದವರೇ ಚಹಾ ಬೇಡವೆಂದರು. ಅವರು ಚಹಾ ಬೇಡ ಎಂದರೆ ಏನೋ ಆಗಿದೆ ಎಂದೇ ಅರ್ಥ. ಕೇಳಿದೆ.

"ಒಳಗ ಹೋಗಿ ನಿಂತಿದ್ದೆ ತಂಗಿ. ತಗಡು ಕಾದು ಹಂಚಾಗಿತ್ತು. ಎಮ್ಮಿ ನಾಲಿಗಿ ಹೊರಗ ಹಾಕಿ ತೇಕತಿತ್ತು. ನನಗ ತಡಕೊಳ್ಳಾಕ ಆಗಲಿಲ್ಲ, ಹೊರಗ ಬಂದೆ. ಅವಕ್ಕ ಹೊರಗ ಬರಾಕ ಬರೂದಿಲ್ಲ. ಕಟ್ಟಿರ್ತಾರ."

ಆ ತಗಡು ಮಾರಿದ್ದು ತಾವೇ ಎನ್ನುವುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಮರುದಿನದಿಂದ ದನಕ್ಕೆಂದು ತಗಡು ಕೇಳಿದವರಿಗೆ, "ಆಗೂದಾದ್ರ ಕಟ್ಟಿಗೀ ಕಂಬಾ ನಿಲ್ಲಿಸಿ ಹೆಂಚು ಹಾಕ್ರಿ. ಆಗೂದಿಲ್ಲಂದ್ರ ತಗಡು ಕೊಡ್ತೀನಿ, ಮ್ಯಾಲ ಕಬ್ಬಿನ ಸೋಗಿ ಹೊದಿಸ್ರಿ" ಎನ್ನತೊಡಗಿದರು. ನಮ್ಮ ಮನೆಯವರು ಹಲ್ಲು ಕಚ್ಚಿಕೊಂಡು ಕೇಳಿಸಿಕೊಳ್ಳುತ್ತಿದ್ದರು.

ಅದೇ ವರ್ಷ ಹಲಗೇರಿಯ ನಮ್ಮ ಹೊಲದಲ್ಲಿದ್ದ ಹಳೆಯ ದನದ ಮನೆಯ ಗೋಡೆ ಮಳೆಗೆ ಕೂತಿತು. ಎರಡು ಎಮ್ಮೆ, ಒಂದು ಜೋಡಿ ಎತ್ತು, ಒಂದು ಆಕಳು ಇದ್ದವು. ಅಂಗಡಿಯಲ್ಲಿ ಮಾಲಿದೆ, ವೆಲ್ಡಿಂಗಿನವನು ಪಕ್ಕದಲ್ಲೇ ಇದ್ದಾನೆ. ಯಾರಿಗೂ ಅನುಮಾನವೇ ಇರಲಿಲ್ಲ. ಊಟಕ್ಕೆ ಕೂತಾಗ ಮಾವ ತಣ್ಣಗೆ, "ಕಟ್ಟಿಗೀಲೇ ಕಟ್ಟಸೂನು" ಎಂದರು.

ನಮ್ಮ ಮನೆಯವರು ತುತ್ತು ಕೆಳಗಿಟ್ಟರು. "ಅಪ್ಪಾ, ಮಂದಿಗೆ ತಗಡು ಮಾರಿ ನಾವು ಕಟ್ಟಿಗೀದು ಕಟ್ಟಿದ್ರ ಏನಂತಾರ? ಅಂಗಡೀಗೆ ಕೀಲಿ ಹಾಕಬೇಕಾಕ್ಕೇತಿ."

"ಏನೂ ಆಗೂದಿಲ್ಲ. ಗೋದಾಮಿಗೆ, ಗ್ಯಾರೇಜಿಗೆ ನಮ್ಮಲ್ಲೇ ಬರ್ತಾರ. ಕಬ್ಬಿಣ ನಮಗ ಅನ್ನ ಹಾಕೇತಿ, ಅದನ್ನ ನಾ ಬೈಯಾಂಗಿಲ್ಲ. ದನಕ್ಕ ಮಾತ್ರ ಬ್ಯಾಡ."

ಹೊಲದ ಬದುವಿನಲ್ಲಿ ಬಲಿತ ಜಾಲಿ ಮರಗಳಿದ್ದವು. ಕಡಿಸಿದರು. ಜಾಲಿಯನ್ನು ಕಡಿದ ಕೂಡಲೇ ಬಳಸುವುದಿಲ್ಲ. ತಿಂಗಳುಗಟ್ಟಲೆ ನೀರಿನಲ್ಲಿ ಮುಳುಗಿಸಿ ಇಟ್ಟು, ಅದರ ರಸ ಬಿಟ್ಟ ಮೇಲೆ ನೆರಳಿಗೆ ಒಣಗಿಸುತ್ತಾರೆ, ಇಲ್ಲದಿದ್ದರೆ ಕುಟ್ಟೆ ಹುಳ ಬೀಳುತ್ತದೆ. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತು, ಮಾವನಿಗೂ ಗೊತ್ತಿತ್ತು. ಆದರೆ ಬೆಳಿಗ್ಗೆ ಕೊಂಡ ಪೈಪು ಸಂಜೆಗೆ ಕಂಬವಾಗುವುದನ್ನು ನೋಡಿ ನೋಡಿ ಬೆಳೆದ ಜೀವ. "ದನ ಮಳ್ಯಾಗ ನಿಂತಾವ, ಅಲ್ಲೀತನಾ ಯಾರು ಕಾಯೂದು?" ಎಂದು ಬಡಿಗನ ಬೆನ್ನುಹತ್ತಿ ಹಸಿ ಕಟ್ಟಿಗೆಯನ್ನೇ ನಿಲ್ಲಿಸಿದರು. ಹೆಂಚು ಹೊದಿಸಿದ ದಿನ ಅಂಗಡಿಯವರಿಗೆಲ್ಲ ಗೋಧಿ ಹುಗ್ಗಿಯ ಊಟವಾಯಿತು.

ಮುಂದಿನ ದೀಪಾವಳಿಯ ಹೊತ್ತಿಗೆ ಎಮ್ಮೆಗಳ ಕರಿಬೆನ್ನಿನ ಮೇಲೆ ಬಿಳಿ ಹಿಟ್ಟು ಉದುರತೊಡಗಿತು. ಮೇಲಿನ ತೊಲೆಗಳಿಗೆ ಕುಟ್ಟೆ ಬಿದ್ದು ಕೊರೆದಿತ್ತು. ಹಬ್ಬಕ್ಕೆ ದನ ನೋಡಲು ಬಂದ ಪಕ್ಕದ ಹೊಲದವರು, "ಎಮ್ಮಿಗೂ ಪೌಡರ್ ಹಚ್ಚೀರೇನ್ರಿ ಸಾಹುಕಾರ್ರ?" ಎಂದರು. ಆ ಮಾತು ಹಲಗೇರಿಯಿಂದ ರಾಣೆಬೆನ್ನೂರಿನ ಪೇಟೆಗೆ ಬರಲು ಬಸ್ಸಿಗಾಗಿ ಕಾಯಲಿಲ್ಲ. ಗಿರಾಕಿಗಳು ಅಂಗಡಿಗೆ ಬಂದು ಪೌಡರಿನ ರೇಟು ಕೇಳುತ್ತಿದ್ದರು.

ನಮ್ಮ ಮನೆಯವರಿಗೆ ನಗಲಿಕ್ಕೆ ಆಗಲಿಲ್ಲ. "ಮರ್ಯಾದಿ ಹೋದದ್ದು ಸಾಕು. ನಾಳೆ ವೆಲ್ಡಿಂಗಿನವನ್ನ ಕಳಿಸ್ತೀನಿ" ಎಂದರು.

"ತಪ್ಪು ಕಟ್ಟಿಗೀದಲ್ಲೋ ತಮ್ಮಾ, ನಂದು. ಕಟ್ಟಿಗೀನ ಕಬ್ಬಿಣದಂಗ ತಂದು ನಿಲ್ಲಿಸಿದೆ" ಎಂದರು ಮಾವ. "ಮತ್ತ ಕಡಸ್ತೀನಿ. ಈ ಸಲ ನೆನಿಯಾಕ ಹಾಕ್ತೀನಿ."

"ಏನಾರ ಮಾಡಿಕೋ. ಆ ದನದ ಮನಿ ಮಾತು ಇನ್ನ ನನ್ನ ಮುಂದ ತಗೀಬ್ಯಾಡ."

ತೆಗೆಯಲಿಲ್ಲ. ಅಪ್ಪ ಮಗ ಅಂಗಡಿಯ ಮಾತು ಬಿಟ್ಟು ಬೇರೆ ಮಾತನ್ನೇ ನಿಲ್ಲಿಸಿದರು. ಉಳಿದದ್ದೆಲ್ಲ ನನ್ನ ಮುಖಾಂತರ. ಮೂವರೂ ಒಂದೇ ಪಡಸಾಲೆಯಲ್ಲಿ ಕೂತು, "ಅವಗ ಹೇಳವಾ" ಎಂದು ಇವರು, "ಅಪ್ಪಗ ಹೇಳು" ಎಂದು ಅವರು. ನನಗೆ ನಗುವೂ ಬರುತ್ತಿತ್ತು, ಅಳುವೂ ಬರುತ್ತಿತ್ತು. ಹೊಲದ ಕೃಷಿಹೊಂಡದಲ್ಲಿ ಮಾವ ಹೊಸ ಜಾಲಿ ದಿಮ್ಮಿಗಳನ್ನು ಮುಳುಗಿಸಿ ಮೇಲೆ ಕಲ್ಲು ಹೇರಿದರು. ಸದ್ಯಕ್ಕೆಂದು ಹೊಲದಲ್ಲೇ ನಮ್ಮ ಅಂಗಡಿಯ ತಗಡು ಹಾಕಿಸಿ, ದನಗಳನ್ನು ಅದರ ಕೆಳಗೆ ಕಟ್ಟಿ, ಮೇಲೆ ದಪ್ಪಗೆ ಕಬ್ಬಿನ ಸೋಗೆ ಹೊದಿಸಿದರು. ಅಂಗಡಿಯಲ್ಲಿ ಮಾತ್ರ ಪೌಡರಿನ ಕಥೆಯನ್ನು ಬಂದ ಗಿರಾಕಿಗೆಲ್ಲ ಮಾವ ತಾವೇ ಹೇಳುತ್ತಿದ್ದರು. "ನೀವು ಕಟ್ಟಿಸಿದ್ರ ನನ್ನಂಗ ಅವಸರ ಮಾಡಬ್ಯಾಡ್ರಿ." ಯಾರಾದರೂ ನಕ್ಕರೆ ಅವರೂ ಕೂಡಿ ನಗುತ್ತಿದ್ದರು. ನನಗೆ ಅವರ ಮೇಲೆ ತುಂಬ ಪ್ರೀತಿ ಬಂದದ್ದು ಆ ದಿನಗಳಲ್ಲಿ.

ಚಳಿಗಾಲ ಮುಗಿಯುವಾಗ ಅವರ ಎದೆ ಕೈಕೊಟ್ಟಿತು. ದಾವಣಗೆರೆಯ ಆಸ್ಪತ್ರೆಯಲ್ಲಿ ಮಲಗಿದವರು ಏಳಲಿಲ್ಲ. ರಾತ್ರಿ ನಮ್ಮ ಮನೆಯವರು ಇರುತ್ತಿದ್ದರು, ಹಗಲು ನಾನು. ಮಗ ಹೋದ ಮೇಲೆ ಅವರು ಕೇಳುತ್ತಿದ್ದುದು ಒಂದೇ.

"ಹೊಂಡದಾಗ ನೀರ ಅದಾವೇನವಾ?"

ಬಿಸಿಲು ಏರಿತ್ತು. ನೀರು ಇಳಿದು ಅರ್ಧ ದಿಮ್ಮಿ ಹೊರಗೆ ಬಿದ್ದರೆ ಸೀಳುಬಿಡುತ್ತದೆ. ಇಷ್ಟು ದಿನ ಕಾದದ್ದು, ನಗೆಪಾಟಲಾದದ್ದು ಎಲ್ಲ ವ್ಯರ್ಥ. "ಅದಾವರಿ ಮಾವಾರ" ಎಂದು ನೋಡದೆಯೇ ಹೇಳಿದೆ. ಅವರು ನನ್ನ ಮುಖ ನೋಡಿದರು, ನಂಬಲಿಲ್ಲ. ಮರುದಿನ ಊರಿಂದ ಬಂದ ನನ್ನ ತಮ್ಮನನ್ನು ಅವರ ಬಳಿ ಕೂರಿಸಿ ಹಲಗೇರಿಗೆ ಹೋದೆ.

ಹೊಂಡ ತುಂಬಿತ್ತು. ಬೋರಿನಿಂದ ಎಳೆದ ಹೊಸ ಪೈಪು ದಂಡೆಯ ಮೇಲೆ ಬಿದ್ದಿತ್ತು, ಬಾಯಿಂದ ನೀರು ಬೀಳುತ್ತಿತ್ತು. ಹೊಲ ನೋಡಿಕೊಳ್ಳುವ ಹೆಣ್ಣುಮಗಳನ್ನು ಕೇಳಿದರೆ, "ಸಣ್ಣ ಸಾಹುಕಾರ್ರು ಹೇಳ್ಯಾರ್ರೀ ಅಕ್ಕಾರ, ಕರೆಂಟ್ ಬಂದಾಗೊಮ್ಮೆ ಬಿಡು ಅಂತ. ಮುಂಜಾನೆ ಮುಂಜಾನೆ ತಾವ ಬಂದು ನೋಡಿ ಹೋಗ್ತಾರ. ಮನ್ಯಾಗ ಹೇಳಬ್ಯಾಡ ಅಂದಿದ್ರು" ಎಂದಳು.

ಆಸ್ಪತ್ರೆಯಿಂದ ಬೆಳಿಗ್ಗೆ ಹೊರಟು ಅಂಗಡಿ ತೆರೆಯುವ ನಡುವೆ ನಮ್ಮ ಮನೆಯವರು ಎಲ್ಲಿಗೆ ಹೋಗುತ್ತಾರೆ ಎಂದು ನಾನು ಕೇಳಿರಲೇ ಇಲ್ಲ. ಸ್ನಾನಕ್ಕೆ ಮನೆಗೆ ಹೋಗುತ್ತಾರೆ ಅಂದುಕೊಂಡಿದ್ದೆ.

ಸಂಜೆ ಹೋಗಿ ಮಾವನಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಮಲಗಿದ್ದಲ್ಲೇ ಅವರ ಕಣ್ಣಂಚಿನಿಂದ ನೀರು ಕಿವಿಗೆ ಇಳಿಯಿತು. ಒರೆಸಲು ಹೋದರೆ ಕೈ ಹಿಡಿದರು.

"ನನಗ ಗೊತ್ತಾಗೇತಿ ಅಂತ ಅವಗ ಹೇಳಬ್ಯಾಡವಾ. ನಾಚಿಕೊಂಡು ನೀರ ಬಂದ್ ಮಾಡಿಬಿಡ್ತಾನ."

ಆಮೇಲೆ ಅವರು ಹೊಂಡದ ಸುದ್ದಿ ಕೇಳಲಿಲ್ಲ. ಯುಗಾದಿಯ ಮರುವಾರ ತೀರಿಕೊಂಡರು. ನೆನೆದ ಕಟ್ಟಿಗೆ ಹೇಗೆ ಬಂತು ಎನ್ನುವುದು ಅವರಿಗೆ ಗೊತ್ತಾಗಲೇ ಇಲ್ಲ.

ಮಳೆ ಹಿಡಿಯುವ ಮೊದಲು ನಮ್ಮ ಮನೆಯವರು ಹೊಂಡದ ನೀರು ಬತ್ತಿಸಿ ದಿಮ್ಮಿಗಳನ್ನು ಎಳೆಸಿದರು. ತಗಡಿನ ಮಾತನ್ನು ಅವರು ಎತ್ತಲೂ ಇಲ್ಲ, ನಾನು ಕೇಳಲೂ ಇಲ್ಲ. ದಿಮ್ಮಿಗಳ ಹೊರಮೈಗೆಲ್ಲ ಕಪ್ಪು ಕೆಸರು, ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಬಡಿಗ ಒಂದು ದಿಮ್ಮಿಯ ಮೈಯನ್ನು ಬಾಚಿಯಿಂದ ಕೆತ್ತಿ, ಉಳಿ ಹೊಡೆದು ನೋಡಿದ. ಒಳಗೆ ಕೆಂಪಗೆ, ಗಟ್ಟಿಯಾಗಿತ್ತು. "ಭಾಳ ಚಲೋ ಬಂದೈತ್ರಿ. ಒಣಗಿದ ಮ್ಯಾಲ ಮೊಳಿ ಸುದ್ದಾ ಇಳಿಯೂದಿಲ್ಲ" ಎಂದ.

ನಮ್ಮ ಮನೆಯವರು ಆ ಕೆಂಪಿನ ಮೇಲೆ ಕೈಯಾಡಿಸುತ್ತ, "ಅಪ್ಪ ಕಡೀತನಾ ನನ್ನ ಮ್ಯಾಲ ಸಿಟ್ಟ ಇಟಗೊಂಡೇ ಹೋದ" ಎಂದರು.

ಇನ್ನು ಬಂದ್ ಮಾಡಲಿಕ್ಕೆ ನೀರೇ ಇರಲಿಲ್ಲ. ಹೇಳಿಬಿಟ್ಟೆ.

"ಅಪ್ಪಗ ಗೊತ್ತಿತ್ತಾ?"

"ಗೊತ್ತಿತ್ತರಿ. ನಾನ ಹೇಳಿದ್ದೆ."

"ಏನಂದ?"

ಮಾವ ಆಡಿದ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ನಾಚಿಕೊಂಡು ಎಂದದ್ದಕ್ಕೆ ಅವರಿಗೆ ಮೊದಲು ನಗು ಬಂತು. ನಗುತ್ತಲೇ ಆ ಹಸಿ ದಿಮ್ಮಿಯ ಮೇಲೆ ಕುಸಿದು ಕೂತು, ಮಣ್ಣು ಮಾಡಿದ ದಿನವೂ ಅಳದಿದ್ದವರು ದನಿ ತೆಗೆದು ಅತ್ತರು. ನಾನು ಪಕ್ಕದಲ್ಲಿ ಕೂತೆ, ಸೀರೆ ಕೆಸರಾಯಿತು. ಬಡಿಗ ಉಳಿಯನ್ನು ಕೆಳಗಿಟ್ಟು, ನಾವಿಬ್ಬರೂ ಏಳುವ ತನಕ ಎರಡನೇ ದಿಮ್ಮಿಯನ್ನು ಮುಟ್ಟಲಿಲ್ಲ.