ಬೆಚ್ಚನೆಯ ಮೇಜಿನ ಕೆಳಗೆ ಹೆಪ್ಪು

ಬೆಲ್ಜಿಯಂಗೆ ಬಂದ ಮರುದಿನ ಒಂದು ಬಿಲಿಯರ್ಡ್ಸ್ ಮೇಜನ್ನು ಮುಟ್ಟಿ ಬೆಚ್ಚಿ ಕೈ ತೆಗೆದೆ. ಜ್ವರ ಬಂದ ಮಗುವಿನ ಹಣೆಯಂತೆ ಅದು ಬಿಸಿಯಾಗಿತ್ತು. ಹೊರಗೆ ಹಿಮ, ಒಳಗೆ ಮನುಷ್ಯರು ಕೋಟು ಬಿಚ್ಚದೆ ಕೂತಿದ್ದರು, ಚೆಂಡು ಸಲೀಸಾಗಿ ಉರುಳಲೆಂದು ಮೇಜಿಗೆ ಮಾತ್ರ ಹೀಟರ್! ಚೆಂಡು ಬೀಳಲು ಅದಕ್ಕೆ ಒಂದು ತೂತೂ ಇರಲಿಲ್ಲ.

ದಾಂಡೇಲಿಯ ಕ್ಲಬ್ಬಿನ ಬಿಲಿಯರ್ಡ್ಸ್ ಮೇಜಿಗೆ ಆರು ತೂತು. ಅದರ ಹಸಿರು ಬಟ್ಟೆಗೆ ಬ್ರಶ್ ಹೊಡೆಯುವುದು ನನ್ನ ಮಾವನವರ ಕೆಲಸವಾಗಿತ್ತು. ನಮ್ಮ ಯಜಮಾನರು ಕೋಲು ಹಿಡಿದದ್ದು ಅಲ್ಲಿಯೇ. ಇಲ್ಲಿ ಅವರು ಆಡುವುದು ಕ್ಯಾರಮ್ ಬಿಲಿಯರ್ಡ್ಸ್. ಮೂರೇ ಚೆಂಡು. ಹೊಡೆದ ಚೆಂಡು ಉಳಿದೆರಡನ್ನೂ ತಾಗಬೇಕು; ಕೊನೆಯದನ್ನು ಮುಟ್ಟುವ ಮೊದಲು ಮೂರು ಸಲವಾದರೂ ಅಂಚಿಗೆ ಬಡಿದಿರಬೇಕು.

"ನಮ್ಮ ಕುಂಬಾರವಾಡದ ಬಸ್ ಇದ್ದಂಗ ಐತ್ರಿ ನಿಮ್ಮ ಚೆಂಡು. ಊರೆಲ್ಲಾ ಸುತ್ತಿ ಬರ್ತೈತಿ," ಎಂದೆ.

"ಬರ್ತೈತಲ್ಲ, ಅಷ್ಟ ಸಾಕು," ಎಂದು ನಕ್ಕರು.

ಪಂದ್ಯವೊಂದಕ್ಕೆ ಬಂದಿದ್ದ ಅವರನ್ನು ಈ ಊರಿನ ಕ್ಲಬ್ಬು ತನ್ನ ತಂಡಕ್ಕೆ ಸೇರಿಸಿಕೊಂಡಿತ್ತು. ಕ್ಲಬ್ಬೆಂದರೆ ಒಂದು ಕೆಫೆಯ ಹಿಂದಿನ ಕೋಣೆ. ಅದರ ಮೇಲೆ ನಮ್ಮ ಮನೆ. ನನ್ನ ಕಾನ್ವೆಂಟ್ ಇಂಗ್ಲಿಷ್ ಬೇಕರಿಯವಳ ಹತ್ತಿರವೂ ನಡೆಯಲಿಲ್ಲ. "ಡಾಂಕ್ ಯು" ಎಂಬ ಧನ್ಯವಾದವೊಂದನ್ನೇ ಕಲಿತು ಅದನ್ನೇ ಎಲ್ಲದಕ್ಕೂ ಹೇಳಿದೆ. ದಾಂಡೇಲಿಯಲ್ಲಿ ತರಕಾರಿಯವಳೂ "ಊಟಾತೇನ್ರೀ ಅಕ್ಕಾರ?" ಎನ್ನುತ್ತಾಳೆ. ಇಲ್ಲಿ ಯಾರೂ ಕೇಳಲಿಲ್ಲ.

ನಾನು ಅಡುಗೆಮನೆಯಲ್ಲಿ ಅಳುವುದನ್ನು ಕಂಡ ಯಜಮಾನರು ಮಾತು ಕೊಟ್ಟರು: "ಬರೋ ವರ್ಷ ಚಾಂಪಿಯನ್ ಆಗ್ಲಿಲ್ಲಂದ್ರ ವಾಪಸ್ ಹೋಗೂಣು. ದಾಂಡೇಲಿ ಬಾಜೂಕ ಗಣೇಶಗುಡಿಯೊಳಗ ತಮ್ಮನ ಹೋಂಸ್ಟೇ ಐತಲ್ಲ, ಅಲ್ಲೇ ಇರೂಣು." ಗೆದ್ದರೆ ಮಾತ್ರ ಕ್ಲಬ್ಬು ಇನ್ನೂ ಮೂರು ವರ್ಷ ಇರಿಸಿಕೊಳ್ಳುತ್ತಿತ್ತು.

ಆ ಚಳಿಗೆ ಮೊಸರೂ ಆಗುತ್ತಿರಲಿಲ್ಲ. ಅತ್ತೆ ಮೊಸರಿನಲ್ಲಿ ಅದ್ದಿ ಒಣಗಿಸಿ ಕೊಟ್ಟಿದ್ದ ಅರಿವೆಯ ತುಂಡನ್ನೇ ಹೆಪ್ಪಿಗೆಂದು ಹಾಕಿದೆ; ಎರಡು ದಿನವಾದರೂ ಹಾಲು ಹಾಲಾಗಿಯೇ ಇತ್ತು. ಆಗ ಕೆಳಗಿನ ಕ್ಲಬ್ಬಿನ ಆ ಬಿಸಿ ಮೇಜು ನೆನಪಾಯಿತು. ಹಾಲಿನ ಸ್ಟೀಲ್ ಡಬ್ಬಿಯನ್ನು ಅದರ ಕೆಳಗಿನ ಅಡ್ಡಪಟ್ಟಿಯ ಮೇಲೆ ಇಟ್ಟು ಬಂದೆ. ಮರುದಿನ ಕೋಲಿನ ತುದಿಗೆ ಹಚ್ಚುವ ಚಾಕ್ ಬಿತ್ತೆಂದು ಬಗ್ಗಿದ ಯಜಮಾನರ ಕಣ್ಣಿಗೇ ಅದು ಬೀಳಬೇಕೇ!

"ಟೇಬಲ್ ಮುಟ್ಟೂಮುಂದ ಅಪ್ಪ ಚಪ್ಪಲಿ ಬಿಡ್ತಿದ್ದ. ನೀ ನೋಡಿದ್ರ ಅದರ ಕೆಳಗ ಮೊಸರಿನ ಡಬ್ಬಿ ಇಟ್ಟೀ!"

ಕೆಫೆಯ ಒಡತಿ ಮಾರಿಯಾ, ನಮ್ಮ ಶಾಲೆಯ ಸಿಸ್ಟರ್‌ನಂತೆ ತೋಳು ಕಟ್ಟಿ ನಿಲ್ಲುವ ಮುದುಕಿ, ಮುಚ್ಚಳ ತೆಗೆದಳು. ಗಟ್ಟಿ ಮೊಸರು! "ಪ್ಲಾಟೆಕಾಸ್!" ಎಂದಳು. ಅದು ಇವರು ಬ್ರೆಡ್ಡಿಗೆ ಹಚ್ಚಿಕೊಳ್ಳುವ ಹಸಿ ಚೀಸ್. ಸಕ್ಕರೆ ಬೆರೆಸಿ ಡಬ್ಬಿಯ ಅರ್ಧ ಮುಗಿಸಿದಳು. ಮುಂದಿನ ವಾರ ನೋಡಿದರೆ ಅಡ್ಡಪಟ್ಟಿಯ ಮೇಲೆ ಡಬ್ಬಿಗೆಂದೇ ಒಂದು ಕಸೂತಿಯ ಕರವಸ್ತ್ರ ಹಾಸಿಟ್ಟಿದ್ದಳು. ಆಮೇಲೆ ಪ್ರತಿ ಶನಿವಾರ ತಂಡಕ್ಕೆಲ್ಲ ನನ್ನ ಮೊಸರು.

ಆದರೂ ಮರುವರ್ಷದ ಫೈನಲ್ ದಿನ ನಾನು ಕೂತದ್ದು ಇವರು ಸೋಲಲಿ ಎಂದು ಬೇಡಿಕೊಂಡೇ. ಇಬ್ಬರಿಗೂ ಒಂದೊಂದೇ ಪಾಯಿಂಟ್ ಬಾಕಿ. ಯಜಮಾನರು ಹೊಡೆದರು. ಚೆಂಡು ಒಂದನ್ನು ತಾಗಿ ಮೂರು ಅಂಚು ಸುತ್ತಿ, ದಣಿದ ಬಸ್ಸಿನಂತೆ ನಿಧಾನವಾಯಿತು. ನಿಂತಿತು, ಇನ್ನು ದಾಂಡೇಲಿ, ಎಂದುಕೊಂಡೆ. ನೋಡಿದರೆ ನನ್ನ ಭುಜ ಚೆಂಡು ಹೋಗಬೇಕಾದ ಕಡೆಗೇ ವಾಲಿತ್ತು.

ಟಕ್.

ಮಾರಿಯಾ ನನ್ನ ಕೆನ್ನೆಗೆ ಮೂರು ಮುತ್ತು ಕೊಟ್ಟಳು. ಅತ್ತೆಯ ಫೋನ್ ಬಂತು. ಅವರು ಮೊಬೈಲಿನಲ್ಲಿ ಆಟ ನೋಡುತ್ತಿದ್ದರು.

"ಗೆದ್ದಾನಲ್ಲವಾ. ಅಂದ್ರ ಇನ್ನ ಮೂರು ವರ್ಷ."

"ಅತ್ತೀ, ಖರೇ ಹೇಳ್ತೇನಿ, ಬೈಬ್ಯಾಡ್ರಿ. ಸೋಲ್ಲಿ ಅಂತ ಬೇಡ್ಕೊಂಡಿದ್ದೆ."

ಅತ್ತೆ ದನಿ ತಗ್ಗಿಸಿದರು.

"ನಾನೂ ಅದನ್ನ ಬೇಡ್ಕೊಂಡಿದ್ದೆವಾ," ಎಂದರು. "ಆದ್ರ ಕಡೀಕ ಚೆಂಡು ನಿಂತಬಿಡ್ತೈತೇನೋ ಅನಿಸ್ತು ನೋಡು, ಮೊಬೈಲ್ ಹಿಂಗ ವಾಲಿಸಿ ಹಿಡದ್ನಿ."