ಹೊಳೆ ಕಡಲು ಸೇರುವಲ್ಲಿ ನಾನಾಡಿದ ಮಾತು

ಭಾವ, ಸರೋಜಕ್ಕ ತಾನಾಗಿ ನೀರಿಗೆ ಬೀಳಲಿಲ್ಲ. ಕಾಲಡಿಯ ಮರಳು ಕುಸಿದು ಹೋದಳು. ನಾನು ದಡದಲ್ಲೇ ನಿಂತು ನೋಡಿದ್ದೆ — ನೋಡಿಯೂ ನಿಮಗೆ ಬೇರೆಯೇ ಹೇಳಿದೆ. ಬೇಕೆಂದೇ ಹೇಳಿದೆ.

ಅದರ ಹಿಂದಿನ ದಿನ ಎಷ್ಟು ಸಾಧಾರಣವಾಗಿತ್ತು! ಬಿಳಿಗೆರೆಯ ನಿಮ್ಮ ತೆಂಗಿನ ತೋಟದಲ್ಲಿ ಕೆಲಸ ಬಿಡುವಾಗಿದ್ದ ಶ್ರಾವಣ. ಮದುವೆಯಾದಾಗಿನಿಂದ ಅಕ್ಕ ಕೇಳುತ್ತಿದ್ದ ಕಡಲನ್ನು ಕೊನೆಗೂ ತೋರಿಸಲು ಹೊರಟಿರಿ, ತಂಗಿಯೆಂದು ನನ್ನನ್ನೂ ಕರೆದಿರಿ. ಕುಂದಾಪುರದ ಕಡೆ, ಹೊಳೆಗೂ ಕಡಲಿಗೂ ನಡುವೆ ಉದ್ದಕ್ಕೆ ಚಾಚಿದ ಮರಳಿನ ದಿಣ್ಣೆ. ದೋಣಿಯಲ್ಲಿ ದಾಟಿ ಹೋಗಬೇಕು. ಮಳೆಗಾಲವಾದ್ದರಿಂದ ಹೊರಗಿನವರೆಂದರೆ ನಾವು ಮೂವರೇ. ಮೀನಿನ ದೋಣಿಗಳನ್ನೆಲ್ಲ ದಡಕ್ಕೆಳೆದು ಗರಿ ಹೊದಿಸಿದ್ದರು. ಅಕ್ಕ ಮೊಣಕಾಲಿನವರೆಗೆ ಸೀರೆ ನೆನೆಸಿಕೊಂಡು, "ಇಷ್ಟೊಂದು ನೀರು ಮಡಿಕ್ಕಂಡು ಒಂದು ಗುಟುಕು ಕುಡಿಯಾಕಾಗಲ್ವಲ್ಲೇ!" ಎಂದು ನಗುತ್ತಿದ್ದಳು.

ಸಂಜೆ ನಾವಿಳಿದುಕೊಂಡಿದ್ದ ಮನೆಯ ಜಗಲಿಯಲ್ಲಿ, ನನ್ನೆದುರೇ, ನೀವು ಹೇಳಿದಿರಿ.

"ಬರೋ ವರ್ಸ ಇನ್ನೊಂದು ಮದ್ವೆ ಆಯ್ತೀನಿ ಕಣೇ. ಮನೇಲಿ ಮಕ್ಳು ಬ್ಯಾಡ್ವಾ? ಕಡಲು ತೋರ್ಸಿದ್ದೀನಲ್ಲ, ಒಪ್ಕ ಬುಡು."

ಅಕ್ಕ ತಲೆಯೆತ್ತಲಿಲ್ಲ. "ಆಗ್ರಿ. ಅವಳನ್ನಾದ್ರೂ ಮಳೆ ನಿಂತ್ಮೇಲೆ ಕರ್ಕಬನ್ನಿ. ನಂಗೆ ಬರೀ ಕೆಸರುನೀರು ತೋರ್ಸಿದ್ರಿ."

ನೀವು ನಕ್ಕಿರಿ. ಆ ನಗು — ಅದನ್ನು ನಾನು ಇಂದಿಗೂ ಮರೆತಿಲ್ಲ.

ಬೆಳಿಗ್ಗೆ ನಾವಿಬ್ಬರೂ ಹೊಳೆಯ ಕಡೆಯ ದಡದಲ್ಲಿ ನಡೆದೆವು. ಅವಳು ಸಾಯುವ ಮಾತೇ ಆಡಲಿಲ್ಲ. "ಊರಿಗೋದ್ಮೇಲೆ ಅಪ್ಪನ ಮನೆಗೆ ಬಂದ್ಬುಡ್ತೀನಿ ಕಣೇ. ಇವರ ಕೊಬ್ಬರಿ ಅಟ್ಟದ ಕೆಳಗೆ ಹೊಗೆ ಹಾಕಿ ಹಾಕಿ ಕಣ್ಣು ಕೆಟ್ಟೋದ್ವು" ಎಂದಳು. ಅಷ್ಟರಲ್ಲಿ ಹೊಳೆಯಲ್ಲಿ ತೆಂಗಿನಕಾಯಿಯೊಂದು ತೇಲಿಬಂತು.

"ಅಯ್ಯೋ, ಯಾರ್ದೋ ಕಾಯಿ ಹೋಯ್ತಾ ಅದೆ ನೋಡೇ!"

ಬಿದ್ದ ಕಾಯನ್ನು ಬಿಟ್ಟು ಹೋಗುವುದು ನಮ್ಮ ಕಡೆಯವರಿಗೆ ಗೊತ್ತೇ ಇಲ್ಲ. ಸೀರೆ ಎತ್ತಿ ಸಿಕ್ಕಿಸಿ ಇಳಿದಳು. ನಮ್ಮೂರ ಕೆರೆ ದಡದಿಂದ ನಿಧಾನವಾಗಿ ಆಳವಾಗುತ್ತದೆ. ಅವಳು ಕಂಡಿದ್ದ ನೀರು ಅದೊಂದೇ. ಇಲ್ಲಿ, ಹೊಳೆ ಕಡಲು ಸೇರುವಲ್ಲಿ, ಮರಳು ಗೋಡೆಯ ಹಾಗೆ ಕಡಿದಾಗಿತ್ತು. ಕಾಯಿ ಕೈಗೆ ಸಿಕ್ಕಿತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ನನ್ನ ಕಡೆ ತಿರುಗಿ —

ನನ್ನ ಕೂಗು ಕೇಳಿ ನೀವು ಓಡಿಬಂದು, "ಏನಾಯ್ತೇ?" ಎಂದಿರಿ. ನಿಮ್ಮ ಹಿಂದಿನ ಸಂಜೆಯ ನಗು ನನ್ನ ಕಣ್ಣ ಮುಂದಿತ್ತು.

"ನಿನ್ನೆ ನೀವಾಡಿದ ಮಾತಿಗೆ ಹೋಗ್ಬುಟ್ಳು ಭಾವ. ತಾನಾಗೇ ಹೋದ್ಳು."

ನೀವು ಮರಳಿನಲ್ಲಿ ಕುಸಿದಿರಿ. ಅಕ್ಕನಿಗಾಗಿ ಅಳುವ ಮೊದಲೇ ನಿಮ್ಮ ಮುಖ ನೋಡಿ ನನಗೆ ತೃಪ್ತಿಯಾಯಿತು. ಹೌದು, ತೃಪ್ತಿಯೇ. ಮೀನುಗಾರರು ಅವಳನ್ನು ಹುಡುಕಿ ತಂದಾಗಲೂ, ನೀವು ಅವಳ ಕಾಲು ಹಿಡಿದು ತಪ್ಪಾಯಿತೆಂದು ಗೋಳಾಡಿದಾಗಲೂ, ನಾನು ಬಾಯಿ ಬಿಡಲಿಲ್ಲ.

ಮರ್ಯಾದೆಗೆ ಅಂಜಿ ಊರಿಗೆಲ್ಲ ಕಾಲು ಜಾರಿತು ಎಂದಿರಿ. ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡೇ ನಿಜ ಹೇಳಿದಿರಿ. ಹೆಣ್ಣು ಕೊಡಲು ಬಂದವರನ್ನೆಲ್ಲ ವಾಪಸು ಕಳಿಸಿದಿರಿ. ನೀವು ಸೊರಗುವುದನ್ನು ವರ್ಷ ವರ್ಷವೂ ಬಂದು ನೋಡಿಕೊಂಡು ಹೋದೆ — ಅಕ್ಕನ ಪರವಾಗಿ ನೋಡುತ್ತಿದ್ದೇನೆ ಅಂದುಕೊಂಡು.

ಆದರೆ ನಿಮ್ಮ ತಾಯಿಗೆ ಮಾತ್ರ ನೀವು ನನ್ನ ಮಾತನ್ನೇ ಹೇಳಿದ್ದಿರಿ. "ತಾನಾಗಿ ಜೀವ ತಕ್ಕಂಡೋಳಿಗೆ ಎಡೆ ಇಡಬಾರದು" ಎಂದರು ಅವರು. ಪಿತೃಪಕ್ಷದ ದಿನ ಅಡಿಗೆಮನೆಯ ಬಾಗಿಲಲ್ಲಿ ನಿಂತು ಅದನ್ನು ಕೇಳಿಸಿಕೊಂಡೆ. ಆಗಲಾದರೂ ಹೇಳಬಹುದಿತ್ತು. ಹೇಳಿದರೆ ನೀವು ಹಗುರಾಗಿಬಿಡುತ್ತೀರಿ ಎಂದು — ಹೇಳಲಿಲ್ಲ.

ನಿಮ್ಮ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ. ಕ್ಷಮಿಸಿ ಎಂದು ಕೇಳುವುದಿಲ್ಲ. ಈ ಸಲವೂ ನಿಮ್ಮ ಮನೆಯಲ್ಲಿ ಹಿರಿಯರಿಗೆಲ್ಲ ಎಲೆ ಹಾಕಿ, ಹೊಸ ಬಟ್ಟೆಯಿಟ್ಟು, ಹೆಸರು ಹೇಳಿ ಬಡಿಸಿದರು.

ಅಕ್ಕನಿಗೆ ಎಲೆ ಹಾಕಲಿಲ್ಲ.